ಬೆಳೆ ಹಬ್ಬದ ದಿನ ‘ಹುಲ್ಲಿನಂತೆ’ ಎಂಬ ಬೈಬಲ್ ವಚನವನ್ನು ಓದಬೇಕೇ, ಬಿಡಬೇಕೇ?

ನೇಜಿಗದ್ದೆ (ಪ್ರಶ್ನೆ):

ಎಲ್ಲರಿಗೂ ವಂದನೆಗಳು. ನಮ್ಮದು ಉಡುಪಿ ಜಿಲ್ಲೆಯ ಒಂದು ಚಿಕ್ಕ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲು ಮುಗಿದು, ಅಂಗಳದಲ್ಲಿ ಬೈಹುಲ್ಲಿನ ಕುತ್ರಿ ಎದ್ದ ಮೇಲೆ ನಾವು ಬೆಳೆ ಹಬ್ಬವನ್ನು ಆಚರಿಸುತ್ತೇವೆ. ಭತ್ತದ ತೆನೆ, ತೆಂಗಿನಕಾಯಿ, ಬಾಳೆಗೊನೆ, ಸೌತೆ, ಕುಂಬಳ, ಕಾಲು ಕಟ್ಟಿದ ಒಂದೆರಡು ಹುಂಜ, ಯಾರದೋ ಮನೆಯ ಹಲ್ವ, ಹೀಗೆ ಎಲ್ಲವೂ ಪೀಠದ ಮುಂದೆ ಬಂದು ಸೇರುತ್ತವೆ. ಆರಾಧನೆಯ ನಂತರ ಹೊರಗೆ ಏಲಂ ನಡೆಯುತ್ತದೆ. ಐವತ್ತು ರೂಪಾಯಿಯ ಕುಂಬಳಕಾಯಿಗೆ ಐನೂರು ಕೂಗಿ, ಅದನ್ನು ಮತ್ತೆ ಸಭೆಗೇ ಬಿಟ್ಟುಕೊಡುವವರೂ ಇದ್ದಾರೆ.

ಈ ಸಲ ಹತ್ತು ನಿಮಿಷ ಮಾತನಾಡುವಂತೆ ಸಭಾಪಾಲಕರು ನನಗೆ ಹೇಳಿದ್ದಾರೆ. ಪಾಠ ಬೈಬಲಿನ 103ನೆಯ ಕೀರ್ತನೆ. ‘ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ’ ಎಂದು ಅದು ಆರಂಭವಾಗುವುದರಿಂದ ಹಬ್ಬಕ್ಕೆ ಒಪ್ಪುವ ಪಾಠವೇ. ಆದರೆ ಮನೆಯಲ್ಲಿ ಕುಳಿತು ಇಡೀ ಕೀರ್ತನೆಯನ್ನು ಓದುವಾಗ ಒಂದು ಸಂಗತಿ ಹೊಳೆಯಿತು. ನನಗೆ ನೆನಪಿರುವ ಮಟ್ಟಿಗೆ, ಬೆಳೆ ಹಬ್ಬದಲ್ಲಿ ಈ ಕೀರ್ತನೆಯನ್ನು ಯಾರೂ ಐದನೆಯ ವಚನ ದಾಟಿ ಓದಿಲ್ಲ. ಸ್ಮಶಾನದಲ್ಲಿಯಾದರೆ ಹದಿಮೂರನೆಯ ವಚನದಿಂದ ಆರಂಭಿಸುತ್ತಾರೆ: ನಾವು ಧೂಳು, ನಮ್ಮ ಆಯುಷ್ಯ ಹುಲ್ಲು, ಹೊಲದ ಹೂವಿನ ಮೇಲೆ ಗಾಳಿ ಬೀಸಿದರೆ ಅದು ಇಲ್ಲವಾಗುತ್ತದೆ, ಅದು ಇದ್ದ ಜಾಗವೂ ಅದನ್ನು ಮತ್ತೆ ಗುರುತಿಸುವುದಿಲ್ಲ. ಅಂದರೆ ಒಂದೇ ಹಾಡನ್ನು ನಾವು ಎರಡು ತುಂಡು ಮಾಡಿ, ಒಂದನ್ನು ಹಬ್ಬಕ್ಕೂ ಇನ್ನೊಂದನ್ನು ಗುಂಡಿಗೂ ಪಾಲು ಹಾಕಿದ್ದೇವೆ.

ಇದನ್ನು ಕೇಳುವುದಕ್ಕೆ ನನ್ನದೇ ಆದ ಒಂದು ಕಾರಣವೂ ಇದೆ. ಜೂನ್ ತಿಂಗಳಲ್ಲಿ ನನ್ನ ಅಣ್ಣ ತೀರಿಕೊಂಡರು. ಗದ್ದೆಯನ್ನು ನೋಡಿಕೊಳ್ಳುತ್ತಿದ್ದವರು ಅವರೇ. ನೇಜಿ (ನಾಟಿಗೆ ಬೆಳೆಸುವ ಭತ್ತದ ಸಸಿ) ಹಾಕಿ ಹದಿನೇಳನೆಯ ದಿನಕ್ಕೆ ಅವರು ಹೋದರು. ಅವರು ಹಾಕಿದ ನೇಜಿಯನ್ನು ವಾರದ ಬಳಿಕ ಬೇರೆಯವರು ಕಿತ್ತು ನಾಟಿ ಮಾಡಿದರು. ಈ ವರ್ಷ ನಮ್ಮ ಮನೆಯಿಂದ ಪೀಠದ ಮುಂದೆ ಇಡುವ ತೆನೆ ಆ ನೇಜಿಯದು. ಅದನ್ನು ಮುಂದಿಟ್ಟುಕೊಂಡು ಮೊದಲ ಐದು ವಚನಗಳನ್ನಷ್ಟೇ ಓದಿ ಕುಳಿತುಕೊಳ್ಳಲು ನನಗೆ ಮನಸ್ಸು ಬರುತ್ತಿಲ್ಲ. ಹಾಗೆಂದು ಎಲ್ಲವನ್ನೂ ಓದಿದರೆ ಹಬ್ಬಕ್ಕೆ ಬಂದ ಮಕ್ಕಳ ಮುಂದೆ ಸೂತಕದ ಮಾತು ತಂದಂತಾಗುತ್ತದೆಯೇ ಎಂಬ ಅಳುಕೂ ಇದೆ. ಕೃತಜ್ಞತೆ ಮತ್ತು ಈ ಹುಲ್ಲಿನ ಮಾತು ಒಂದೇ ಉಸಿರಿನಲ್ಲಿ ಹೇಗೆ ಹೊಂದುತ್ತವೆ? ಬಲ್ಲವರು ತಿಳಿಸಬೇಕು.


ಕರ್ಣಕುಂಡಲ, ಬಂಟ್ವಾಳ:

ನಿಮ್ಮ ಅಣ್ಣನವರ ಆತ್ಮಕ್ಕೆ ಶಾಂತಿ ದೊರೆಯಲಿ. ನಾನು ಬೈಬಲನ್ನು ವಿವರಿಸುವಷ್ಟು ಓದಿದವಳಲ್ಲ. ನಮ್ಮ ಕೆಥೊಲಿಕ್ ಮನೆಗಳಲ್ಲಿ ನಡೆಯುವುದನ್ನು ಮಾತ್ರ ಹೇಳುತ್ತೇನೆ.

ಸೆಪ್ಟೆಂಬರ್ 8 ನಮಗೆ ಮೊಂತಿ ಫೆಸ್ತ್, ಮರಿಯಮ್ಮನವರ ಜನ್ಮದಿನ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ತಟ್ಟೆ, ಬುಟ್ಟಿಗಳಲ್ಲಿ ಹೂ ತಂದು ಬಾಲೆ ಮರಿಯಮ್ಮನ ಪ್ರತಿಮೆಯ ಮುಂದೆ ಚೆಲ್ಲುತ್ತಾರೆ. ನನ್ನ ಬಾಲ್ಯದಲ್ಲಿ ಹೆಚ್ಚಾಗಿ ತರುತ್ತಿದ್ದದ್ದು ಕರ್ಣಕುಂಡಲ. ಗೌರಿ ಹೂ ಎಂದೂ ಕರೆಯುತ್ತಾರೆ. ಅದನ್ನು ಕೊಯ್ದವರಿಗೆ ಗೊತ್ತು, ಅದರ ದಂಟಿನ ತುಂಬ ನೀರು, ಎಸಳು ತೀರಾ ತೆಳು. ಬೆಳಿಗ್ಗೆ ಏಳಕ್ಕೆ ಕೊಯ್ದರೆ ಹತ್ತಕ್ಕೆ ಬುಟ್ಟಿಯ ಅಡಿಯ ಹೂಗಳು ಬಾಡಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮರುದಿನ ಗುಡಿಸುವಾಗ ಅದು ಹೂವೆಂದು ಹೇಳುವುದೇ ಕಷ್ಟ. ಆದರೂ ‘ನಿನ್ನೆಯ ಹೂ ಹಾಳಾಯಿತು, ಇನ್ನು ಬಾಳಿಕೆ ಬರುವುದನ್ನು ತರೋಣ’ ಎಂದು ಯಾವ ಮಗುವೂ ಹೇಳಿದ್ದನ್ನು ನಾನು ಕೇಳಿಲ್ಲ. ಅದೇ ಗಿಡದಿಂದ ಮರುದಿನದ್ದನ್ನು ಕೊಯ್ದು ತರುತ್ತಿದ್ದೆವು. ಹಬ್ಬದ ಹೊತ್ತಿಗೆ ಗಿಡದ ಕೆಳಗಿನ ಕಾಯಿಗಳು ಬಲಿತು, ಬೆರಳು ತಾಗಿದರೆ ಸಾಕು ಚಟ್ಟನೆ ಸಿಡಿದು ಬೀಜ ಹಾರುತ್ತಿತ್ತು. ಹೂ ಕೊಯ್ಯುವುದಕ್ಕಿಂತ ಕಾಯಿ ಸಿಡಿಸುವುದರಲ್ಲೇ ನಮಗೆ ಖುಷಿ ಹೆಚ್ಚಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಮುಂದಿನ ಜೂನ್‌ನಲ್ಲಿ ಯಾರೂ ಬಿತ್ತದೆ ಅಲ್ಲೇ ಸಸಿಗಳು ಏಳುತ್ತಿದ್ದವು.

ಇನ್ನು ತೆನೆಯ ಮಾತು. ಹಬ್ಬದ ದಿನ ಹೊಸ ತೆನೆಯನ್ನು ಗುರುಗಳು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮಕ್ಕಳಿಗೆ ಕಬ್ಬು ಸಿಗುತ್ತದೆ. ಮನೆಗೆ ಬಂದು ಹೊಸ ಅಕ್ಕಿಯ ಕಾಳುಗಳನ್ನು ಸುಲಿದು, ಅರೆದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯ ಬಳಿಕ ಎಲ್ಲರೂ ಕುಡಿದು, ಬಾಳೆಲೆಯಲ್ಲಿ ತರಕಾರಿ ಊಟ ಮಾಡುತ್ತೇವೆ; ಆ ದಿನ ಮೀನು ಮಾಂಸ ಇಲ್ಲ. ನೀವು ಗಮನಿಸಬೇಕಾದದ್ದು ದಿನಾಂಕವನ್ನು. ಸೆಪ್ಟೆಂಬರ್ 8ಕ್ಕೆ ನಮ್ಮ ಕಡೆ ಕೊಯ್ಲು ಆಗಿರುವುದಿಲ್ಲ. ತೆನೆ ಹೊರಬಂದಿರುತ್ತದೆ ಅಷ್ಟೆ. ಕೆಲವು ಕಾಳುಗಳನ್ನು ಒತ್ತಿದರೆ ಇನ್ನೂ ಹಾಲು ಬರುತ್ತದೆ. ಮಳೆ ಬಾಕಿ ಇದೆ, ಹಕ್ಕಿ ಬಾಕಿ ಇದೆ, ಹಂದಿ ಬಾಕಿ ಇದೆ. ನಿಮ್ಮ ಸಭೆ ಕಣಜಕ್ಕೆ ಸೇರಿದ ಮೇಲೆ ಸ್ತೋತ್ರ ಹೇಳುತ್ತದೆ. ನಾವು ಇನ್ನೂ ಕೈಗೆ ಸಿಗದಿರುವಾಗಲೇ ಹೇಳುತ್ತೇವೆ. ಯಾವುದು ಮೇಲು ಎಂದಲ್ಲ. ಬೆಳೆ ನಿಲ್ಲುತ್ತದೋ ಇಲ್ಲವೋ ಎಂದು ತಿಳಿಯದೆ ಹೇಳುವ ಸ್ತೋತ್ರದಲ್ಲಿ ನಿಮ್ಮ ಹುಲ್ಲಿನ ವಚನಕ್ಕೆ ತಾನಾಗಿ ಜಾಗವಿದೆ ಎಂದು ನನಗೆ ತೋರುತ್ತದೆ.

ನಮ್ಮ ಅಮ್ಮ ಪ್ರತಿ ವರ್ಷ ಮೂರು ನಾಲ್ಕು ಕಾಳನ್ನು ಕಾಗದದಲ್ಲಿ ಮಡಿಸಿ ಕುವೈತಿನಲ್ಲಿದ್ದ ತಮ್ಮನಿಗೆ ಲಕೋಟೆಯಲ್ಲಿ ಕಳುಹಿಸುತ್ತಿದ್ದರು. ತಂದೆ ತೀರಿಕೊಂಡ ವರ್ಷ ಎಣಿಸುವಾಗ ಅವರ ಹೆಸರಿಗೂ ಕಾಳು ಸುಲಿದುಬಿಟ್ಟಿದ್ದರು. ಹೆಚ್ಚಾಯಿತು ಎಂದು ತಂಗಿ ಹೇಳಿದಾಗ, ‘ಇರಲಿ, ಹಾಕು’ ಎಂದರು. ಹಬ್ಬಕ್ಕೆ ಅದರಿಂದ ಏನೂ ಕೊರತೆಯಾಗಲಿಲ್ಲ.


ಜೊಳ್ಳುಭತ್ತ:

ಮೇಲಿನ ಸಹೋದರಿಯವರು ಬರೆದದ್ದು ಚೆನ್ನಾಗಿದೆ. ಆದರೆ ಗದ್ದೆಯನ್ನು ನಂಬಿ ಬದುಕುವವನಾಗಿ ಒಂದೆರಡು ಮಾತು ಹೇಳಲೇಬೇಕು. ಸ್ವಲ್ಪ ಒರಟಾಗಿ ಕೇಳಿಸಿದರೆ ಕ್ಷಮಿಸಿ.

ಕೀರ್ತನೆಗಾರನು ಹೊಲದ ಹೂವಿನ ಆಯುಷ್ಯ ಕಡಿಮೆ ಎನ್ನುತ್ತಾನೆ. ಭತ್ತವೂ ಹೂ ಬಿಡುತ್ತದೆ, ಅದನ್ನು ನೋಡಿದವರು ಎಷ್ಟು ಮಂದಿ? ಹೊಡೆ ಒಡೆದು ತೆನೆ ಹೊರಬಂದ ಮೇಲೆ, ಬಿಸಿಲಿರುವ ದಿನ ಬೆಳಿಗ್ಗೆ ಒಂಬತ್ತು ಹತ್ತರ ಸುಮಾರಿಗೆ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ನೋಡಿ. ಒಂದೊಂದು ಕಾಳಿನ ಸಿಪ್ಪೆ ಎರಡಾಗಿ ಬಾಯಿ ತೆರೆಯುತ್ತದೆ. ನೂಲಿನಷ್ಟು ಸಣ್ಣ ಆರು ಕೇಸರಗಳು ಹೊರಗೆ ಜೋತು ಬೀಳುತ್ತವೆ. ಗಾಳಿ ತಾಗಿದರೆ ತಿಳಿಹಳದಿ ಪುಡಿ ಉದುರುತ್ತದೆ. ಆ ಪುಡಿಯ ಜೀವ ಕೆಲವೇ ನಿಮಿಷಗಳದ್ದು. ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಬಾಯಿ ಮುಚ್ಚುತ್ತದೆ, ಆ ಕಾಳು ಮತ್ತೆಂದೂ ತೆರೆಯುವುದಿಲ್ಲ. ತುದಿಯಿಂದ ಬುಡದವರೆಗೆ ಹೀಗೆ ಒಂದು ತೆನೆ ಹೂ ಮುಗಿಸಲು ಒಂದು ವಾರ ಬೇಕು. ನಾವು ವರ್ಷವಿಡೀ ಉಣ್ಣುವ ಅನ್ನದ ಒಂದೊಂದು ಅಗುಳೂ ಅಂತಹ ಒಂದು ಗಂಟೆಯಿಂದ ಬಂದದ್ದು. ಆ ಹೊತ್ತಿನಲ್ಲಿ ಜಡಿಮಳೆ ಹೊಡೆದರೆ ಕಾಳು ಕಟ್ಟದೆ ಜೊಳ್ಳಾಗುತ್ತದೆ. ಆದ್ದರಿಂದ ಆಯುಷ್ಯ ಕಡಿಮೆ ಎಂಬ ಮಾತಿನಿಂದ ನನಗೆ ಬೇಸರವಿಲ್ಲ. ಒಂದು ಗಂಟೆ ಸಾಕು, ಅದು ತನ್ನ ಕೆಲಸ ಮುಗಿಸಿದರೆ.

ನನ್ನ ತಕರಾರು ಬೇರೆ. ಕೆಲವು ವರ್ಷಗಳ ಹಿಂದೆ ನನ್ನ ಎಂಒ-4 ತಳಿಯ ಭತ್ತದ ಪೈರು ಕೊಯ್ಲಿಗೆ ಬಂದು ನಿಂತಿದ್ದಾಗ, ಅಕ್ಟೋಬರಿನಲ್ಲಿ ಐದು ದಿನ ಬಿಡದೆ ಮಳೆ ಸುರಿಯಿತು. ಪೈರು ಮಲಗಿತು. ನೀರಿನಲ್ಲಿ ಮಲಗಿದ ತೆನೆಯಲ್ಲೇ ಮೊಳಕೆ ಬಂತು. ಮೇಲಿನಿಂದ ನೋಡಿದರೆ ಗದ್ದೆ ಮತ್ತೆ ನೇಜಿ ಹಾಕಿದಂತೆ ಹಸಿರಾಗಿತ್ತು. ಆ ವರ್ಷವೂ ಬೆಳೆ ಹಬ್ಬ ಬಂತು. ಪ್ರತಿಯೊಂದು ಮನೆಯವರೂ ತಮ್ಮ ಬೆಳೆಯ ಪಾಲನ್ನು ತರಬೇಕೆಂದು ಹೇಳಿದರು. ನಾನು ನನ್ನ ಪಾಲನ್ನೇ ತಂದೆ: ಮೊಳಕೆಯೊಡೆದ ತೆನೆಯ ಒಂದು ಕಟ್ಟು. ಹೊಂದಿಸಿ ಇಡುತ್ತಿದ್ದವರೊಬ್ಬರು ಅದನ್ನು ನೋಡಿ, ಏನೂ ಅನ್ನದೆ, ಹಿಂದಕ್ಕೆ ಸರಿಸಿ, ಅದರ ಮುಂದೆ ಒಂದು ದೊಡ್ಡ ಕುಂಬಳಕಾಯಿ ಇಟ್ಟರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿತ್ತು ಎಂದು ನಾನು ಹೇಳುವುದಿಲ್ಲ. ಫೋಟೊದಲ್ಲಿ ಚೆಂದ ಕಾಣಲಿ ಎಂದಿರಬಹುದು. ಆದರೆ ಅಂದಿನಿಂದ ನನಗೆ ಒಂದು ಪ್ರಶ್ನೆ ಉಳಿದಿದೆ. ಹುಲ್ಲು ಒಣಗುವುದು ಋತುವಿನ ನಿಯಮ. ಅದನ್ನು ನೋಡಿ ವಿನಯ ಕಲಿಯಬಹುದು. ಕಾಲವಲ್ಲದ ಕಾಲದಲ್ಲಿ ಕೊಳೆತದ್ದಕ್ಕೆ, ಅಥವಾ ನೇಜಿ ಹಾಕಿದವನು ನಾಟಿ ನೋಡದೆ ಹೋದದ್ದಕ್ಕೆ, ಯಾವ ಸ್ತೋತ್ರ? ಮೊಳಕೆ ಬಂದ ತೆನೆಯನ್ನು ಮುಂದೆ ಇಡಲಾರದ ಕೃತಜ್ಞತೆ ನನಗೆ ಬೇಡ.


ಹೈಫಾದಿಂದ:

ನಾನು ಮೂಲತಃ ಮಂಗಳೂರಿನ ಕಡೆಯವಳು. ಇಸ್ರೇಲಿನಲ್ಲಿ ವಯಸ್ಸಾದವರ ಆರೈಕೆಯ ಕೆಲಸದಲ್ಲಿದ್ದೇನೆ. ನಮ್ಮೂರಿನವರು ಇಲ್ಲಿ ಬಹಳ ಮಂದಿ ಇದೇ ಕೆಲಸದಲ್ಲಿದ್ದಾರೆ. ಈ ಕೀರ್ತನೆಯ ಹುಲ್ಲನ್ನು ನಾನು ಇಲ್ಲಿಗೆ ಬಂದ ಮೇಲೆ ಕಂಡದ್ದರಿಂದ ಬರೆಯುತ್ತಿದ್ದೇನೆ.

ಊರಿನಲ್ಲಿರುವಾಗ ಆ ವಚನ ಓದಿದರೆ ನನ್ನ ಕಣ್ಣಿಗೆ ಕಟ್ಟುತ್ತಿದ್ದದ್ದು ಪದವಿನ, ಅಂದರೆ ಮುರಕಲ್ಲಿನ ಬಯಲುಗುಡ್ಡದ, ಮುಳಿಹುಲ್ಲು. ಅದು ಜೂನ್‌ನಲ್ಲಿ ಮುರಕಲ್ಲಿನ ಸಂದಿಯಿಂದ ಎದ್ದು, ನಾಲ್ಕು ತಿಂಗಳು ಹಸಿರಾಗಿದ್ದು, ಮಳೆ ನಿಂತ ಮೇಲೆ ನಿಧಾನವಾಗಿ ಹಳದಿಗೆ ತಿರುಗುತ್ತದೆ. ಹಿಂದೆ ಅದನ್ನು ಕೊಯ್ದು ಮನೆಯ ಮಾಡಿಗೆ ಹೊದೆಸುತ್ತಿದ್ದರು. ಅದರ ಸಾವಿಗೆ ಸಾಕಷ್ಟು ಸಮಯವಿದೆ. ಇಲ್ಲಿಯದು ಹಾಗಲ್ಲ. ಇಲ್ಲಿ ಮಳೆ ಚಳಿಗಾಲದಲ್ಲಿ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಬೋಳು ಗುಡ್ಡಗಳೂ ಹಸಿರಾಗುತ್ತವೆ, ಅದರ ನಡುವೆ ‘ಕಲನಿಯೋತ್’ ಎಂಬ ಕೆಂಪು ಹೂಗಳು ಕಂಬಳಿ ಹಾಸಿದಂತೆ ಅರಳುತ್ತವೆ. ಯೇಸು ತೋರಿಸಿದ ಅಡವಿಯ ಹೂ ಇದೇ ಇರಬಹುದು ಎಂದು ಹಲವರು ಹೇಳುತ್ತಾರೆ. ಅಷ್ಟರಲ್ಲಿ ಮರುಭೂಮಿಯ ಕಡೆಯಿಂದ ‘ಶರಾವ್’ ಎಂಬ ಬಿಸಿಗಾಳಿ ಬೀಸುತ್ತದೆ. ಅರಬ್ಬರು ಇದನ್ನು ಖಮ್ಸೀನ್ ಎನ್ನುತ್ತಾರೆ. ಆಕಾಶ ಮಸುಕಾಗಿ ಧೂಳಿನ ಬಣ್ಣಕ್ಕೆ ತಿರುಗುತ್ತದೆ, ತುಟಿ ಒಡೆಯುತ್ತದೆ, ಒಗೆದ ಬಟ್ಟೆ ಹಗ್ಗದ ಮೇಲೆ ಹಾಕಿ ಒಳಗೆ ಬರುವಷ್ಟರಲ್ಲಿ ಒಣಗಿರುತ್ತದೆ. ಎರಡು ಮೂರು ದಿನ ಅದು ಬೀಸಿ ನಿಂತ ಮೇಲೆ ಕಿಟಕಿಯಿಂದ ನೋಡಿದರೆ, ಕಳೆದ ವಾರ ಹಸಿರಾಗಿದ್ದ ಇಳಿಜಾರು ಯಾವುದೆಂದು ಹುಡುಕಬೇಕು. ಗಾಳಿ ಬೀಸಿತು, ಅದು ಇಲ್ಲ, ಜಾಗಕ್ಕೆ ಗುರುತಿಲ್ಲ: ಇದು ಕವಿಯ ಉತ್ಪ್ರೇಕ್ಷೆ ಎಂದು ನಾನು ತಿಳಿದಿದ್ದೆ. ಅಲ್ಲ, ಅವನು ಕಂಡದ್ದನ್ನೇ ಬರೆದಿದ್ದಾನೆ.

ಇಂದು ಇದ್ದು ನಾಳೆ ಒಲೆಗೆ ಹೋಗುವ ಹುಲ್ಲು ಎಂದು ಮತ್ತಾಯ 6ರಲ್ಲಿ ಬರುತ್ತದಲ್ಲ, ಅದೂ ಇಲ್ಲಿಯ ನಿತ್ಯದ ಮಾತೇ ಆಗಿತ್ತು. ಸೌದೆ ಕಡಿಮೆ ಇದ್ದ ನಾಡಿನಲ್ಲಿ ಮಣ್ಣಿನ ಒಲೆಯಲ್ಲಿ ರೊಟ್ಟಿ ಸುಡಲು ಒಣಹುಲ್ಲನ್ನು ಉರಿಸುತ್ತಿದ್ದರು. ಅಡುಗೆ ಮನೆಯಲ್ಲಿ ಬೆಳೆದ ನನಗೆ ಆ ಮಾತು ಹತ್ತಿರದ್ದು. ನಮ್ಮ ಅಜ್ಜಿ ಬಚ್ಚಲ ಒಲೆಗೆ ತೆಂಗಿನ ಮಡಲಿನ ಗರಿಯನ್ನು ತುರುಕುವಾಗ ಅದು ಒಂದು ಕಾಲದಲ್ಲಿ ಮರದ ತುದಿಯ ಎಳೆ ಸುಳಿಯಾಗಿತ್ತು ಎಂದು ಯಾರೂ ಯೋಚಿಸುತ್ತಿರಲಿಲ್ಲ. ಯೇಸು ಯೋಚಿಸಿದರು. ಒಲೆಗೆ ಹೋಗುವ ವಸ್ತುವಿಗೆ ಅರಸ ಸೊಲೊಮೋನನಿಗೂ ಇಲ್ಲದ ಉಡುಪು ಹಾಕುವಷ್ಟು ಧಾರಾಳವೇ ಎಂಬುದು ಅವರ ಅಚ್ಚರಿ.

ನಾನು ನೋಡಿಕೊಳ್ಳುವ ಅಜ್ಜಿಗೆ ತೊಂಬತ್ತು ದಾಟಿದೆ. ಯೆಹೂದ್ಯರು. ನೆನಪು ಬಹಳಷ್ಟು ಹೋಗಿದೆ. ನನ್ನ ಹೆಸರು ದಿನಕ್ಕೆ ಮೂರು ಸಲ ಕೇಳುತ್ತಾರೆ. ಆದರೆ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಹಾಸಿಗೆಯಿಂದ ಏಳುವ ಮೊದಲು, ‘ಮೋದಾ ಅನಿ’ ಎಂದು ಆರಂಭವಾಗುವ ಒಂದು ಚಿಕ್ಕ ಪ್ರಾರ್ಥನೆಯನ್ನು ತಪ್ಪದೆ ಹೇಳುತ್ತಾರೆ. ನನ್ನ ಪ್ರಾಣವನ್ನು ನನಗೆ ಹಿಂದಿರುಗಿಸಿದ್ದಕ್ಕೆ ನಿನಗೆ ವಂದನೆ ಎಂದು ಅದರ ಅರ್ಥ. ರಾತ್ರಿ ಒಪ್ಪಿಸಿದ್ದು, ಬೆಳಿಗ್ಗೆ ವಾಪಸು ಸಿಕ್ಕಿದ್ದು. ಸಿಗದೆ ಇರಬಹುದಿತ್ತು ಎಂಬುದು ಆ ವಂದನೆಯೊಳಗೇ ಇದೆ. ಈ ಕೀರ್ತನೆಗಳು ನಮ್ಮ ಕೈಗೆ ಬಂದದ್ದು ಇವರ ಹಿರಿಯರಿಂದಲೇ ಅಲ್ಲವೇ? ಆ ಅಜ್ಜಿಗೆ ನಿಮ್ಮ ಪ್ರಶ್ನೆಯನ್ನು ಕೇಳಿದರೆ ಬಹುಶಃ ಪ್ರಶ್ನೆಯೇ ಅರ್ಥವಾಗಲಿಕ್ಕಿಲ್ಲ.


ಮೈಸೂರಿನವ:

ಚಿಕ್ಕ ಸೇರ್ಪಡೆ. ಅಸ್ಸಿಸಿಯ ಸಂತ ಫ್ರಾನ್ಸಿಸರು 1225ರಲ್ಲಿ, ಕಣ್ಣು ಕಾಣದಷ್ಟು ಕಾಯಿಲೆಯಲ್ಲಿದ್ದಾಗ, ಸೃಷ್ಟಿಗಾಗಿ ದೇವರನ್ನು ಹೊಗಳುವ ಗೀತೆಯನ್ನು ರಚಿಸಿದರು. ಬೆಳಕನ್ನು ನೋಡಿದರೆ ಕಣ್ಣು ಉರಿಯುತ್ತಿದ್ದವರು ಆರಂಭಿಸಿದ್ದು ಸೂರ್ಯನಿಂದ. ಸೂರ್ಯ ಅವರಿಗೆ ಅಣ್ಣ, ಚಂದ್ರ ಮತ್ತು ನೀರು ಅಕ್ಕತಂಗಿಯರು, ಬೆಂಕಿ ತಮ್ಮ. 1226ರಲ್ಲಿ ಸಾವು ಹತ್ತಿರ ಬಂದಾಗ ಅದೇ ಗೀತೆಗೆ ಇನ್ನೊಂದು ಚರಣ ಸೇರಿಸಿ, ದೇಹದ ಮರಣವನ್ನೂ ಸಹೋದರಿ ಎಂದು ಕರೆದರು. ಬೇರೆ ಗೀತೆ ಬರೆಯಲಿಲ್ಲ, ಅದಕ್ಕೇ ಸೇರಿಸಿದರು ಎಂಬುದು ನಿಮ್ಮ ‘ಎರಡು ತುಂಡು’ ಎಂಬ ಮಾತಿಗೆ ಉತ್ತರವಾಗಬಹುದು.

ನಮ್ಮಲ್ಲಿ ಗರಿಗಳ ಭಾನುವಾರ ಮೆರವಣಿಗೆಯಲ್ಲಿ ಹಿಡಿದ ಗರಿಗಳನ್ನೇ ಮನೆಯಲ್ಲಿ ಶಿಲುಬೆಯ ಹಿಂದೆ ಸಿಕ್ಕಿಸಿ ಇಟ್ಟು, ಮುಂದಿನ ವರ್ಷ ಚರ್ಚಿಗೆ ಮರಳಿಸುತ್ತೇವೆ. ಅವನ್ನು ಸುಟ್ಟ ಬೂದಿಯನ್ನೇ ವಿಭೂತಿ ಬುಧವಾರ ಹಣೆಗೆ ಇಡುತ್ತಾರೆ. ಜಯಘೋಷ ಮಾಡಿದ ಗರಿಯೂ ‘ನೀನು ಮಣ್ಣು’ ಎಂದು ನೆನಪಿಸುವ ಬೂದಿಯೂ ಒಂದೇ ಗಿಡದ್ದು.


ಬಲ್ಮಠದ ಹಳೆ ವಿದ್ಯಾರ್ಥಿ:

ನೇಜಿಗದ್ದೆಯವರ ಪ್ರಶ್ನೆಗೆ ಮೊದಲು, ಜೊಳ್ಳುಭತ್ತದವರ ತಕರಾರಿಗೆ ಆಮೇಲೆ ಉತ್ತರಿಸಲು ಪ್ರಯತ್ನಿಸುತ್ತೇನೆ. ಎರಡನೆಯದಕ್ಕೆ ಪೂರ್ಣ ಉತ್ತರ ನನ್ನಲ್ಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ಹುಲ್ಲಿನ ಹೋಲಿಕೆ ಬೈಬಲಿನಲ್ಲಿ ಹಲವು ಕಡೆ ಬರುತ್ತದೆ, ಆದರೆ ಎಲ್ಲ ಕಡೆಯೂ ಒಂದೇ ಕೆಲಸಕ್ಕೆ ಅಲ್ಲ. 90ನೆಯ ಕೀರ್ತನೆಯಲ್ಲಿ ಬೆಳಿಗ್ಗೆ ಚಿಗುರಿ ಸಂಜೆಗೆ ಬಾಡುವ ಹುಲ್ಲು ದೇವರ ಕೋಪದ ಮಾತಿನೊಂದಿಗೆ ಬರುತ್ತದೆ. ಅದು ಭಾರವಾದ ಕೀರ್ತನೆ. ಯೆಶಾಯ 40ರಲ್ಲಿ ಹುಲ್ಲು ಒಣಗಿದರೂ ದೇವರ ಮಾತು ನಿಲ್ಲುತ್ತದೆ ಎಂದು ಸೆರೆಯಲ್ಲಿದ್ದವರಿಗೆ ಸಮಾಧಾನ ಹೇಳಲಾಗಿದೆ. ಯಾಕೋಬನ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ ಹುಲ್ಲಿನ ಬದಲು ಹಬೆ ಇದೆ. ಅಲ್ಲಿ ಗುರಿ ವ್ಯಾಪಾರಿಗಳು, ಇಂತಹ ಊರಿಗೆ ಹೋಗಿ ಒಂದು ವರ್ಷ ಇದ್ದು ಲಾಭ ಮಾಡುತ್ತೇವೆ ಎಂದು ಲೆಕ್ಕ ಹಾಕುವವರು. 103ರಲ್ಲಿ ಇವು ಯಾವುವೂ ಅಲ್ಲ. ಅಲ್ಲಿ ಹುಲ್ಲಿನ ಮಾತು ಬರುವುದು ತಂದೆಯ ಕನಿಕರದ ಮಾತಿನ ಬೆನ್ನಿಗೆ: ತಂದೆ ಮಕ್ಕಳನ್ನು ಕನಿಕರಿಸುವಂತೆ ಆತನು ಕನಿಕರಿಸುತ್ತಾನೆ, ಏಕೆಂದರೆ ನಮ್ಮ ಪ್ರಕೃತಿಯನ್ನು ಆತನು ಬಲ್ಲನು, ನಾವು ಧೂಳು ಎಂಬುದನ್ನು ನೆನಪಿನಲ್ಲಿಟ್ಟಿದ್ದಾನೆ. ನಾವು ಹುಲ್ಲು ಎಂಬುದು ಇಲ್ಲಿ ಬೆದರಿಕೆಯಲ್ಲ, ಕನಿಕರಕ್ಕೆ ಕಾರಣ. ಹಾಗಾಗಿ ಕೀರ್ತನೆಯನ್ನು ಐದನೆಯ ವಚನಕ್ಕೆ ನಿಲ್ಲಿಸಿದರೆ ಉಪಕಾರಗಳ ಪಟ್ಟಿ ಸಿಗುತ್ತದೆ, ಅವು ಏಕೆ ಬಂದವು ಎಂಬುದು ಸಿಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನೋಡಿ. ಎರಡನೆಯ ವಚನ ಮರೆಯಬೇಡ ಎನ್ನುತ್ತದೆ. ಹದಿನಾಲ್ಕನೆಯದು ಆತನು ನೆನಪಿಟ್ಟಿದ್ದಾನೆ ಎನ್ನುತ್ತದೆ. ಹದಿನಾರನೆಯದು, ಹೂ ನಿಂತಿದ್ದ ಜಾಗ ಅದನ್ನು ಗುರುತಿಸುವುದಿಲ್ಲ ಎನ್ನುತ್ತದೆ. ಅಂದರೆ ಈ ಕೀರ್ತನೆಯ ಒಳಗೆ ಓಡುವ ಎಳೆ ನೆನಪಿನದು. ಮಣ್ಣು ಮರೆಯುತ್ತದೆ, ಗದ್ದೆಗೆ ಯಾರ ಕೈಯ ನೇಜಿಯಾದರೂ ಒಂದೇ. ಮರೆಯದಿರುವವನು ಒಬ್ಬನಿದ್ದಾನೆ, ಆದ್ದರಿಂದ ನೀನೂ ಮರೆಯಬೇಡ ಎಂದು ಕವಿ ತನ್ನ ಮನಸ್ಸಿಗೆ ಹೇಳಿಕೊಳ್ಳುತ್ತಾನೆ. ನಮ್ಮ ಕನ್ನಡದಲ್ಲಿ ಈ ಸಂಬಂಧ ಪದದಲ್ಲೇ ಇದೆ. ಕೃತಜ್ಞ ಎಂದರೆ ಮಾಡಿದ್ದನ್ನು ಅರಿತವನು. ಉಪಕಾರ ಸ್ಮರಣೆ ಎಂದರೆ ನೆನೆಯುವುದೇ. ಸಂತೋಷವಾಗಿರುವುದು ಎಂಬ ಅರ್ಥ ಈ ಎರಡು ಪದಗಳಲ್ಲಿ ಎಲ್ಲಿಯೂ ಇಲ್ಲ. ಹಬ್ಬದ ಅಲಂಕಾರ ಅದನ್ನು ತಂದು ಅಂಟಿಸಿದೆ.

ಬೆಳೆಯ ಮುಂದೆ ಸತ್ತವರ ಮಾತು ಎತ್ತಬಹುದೇ ಎಂದು ಅಳುಕಿದ್ದೀರಿ. ಧರ್ಮೋಪದೇಶಕಾಂಡ 26ನ್ನು ಒಮ್ಮೆ ತೆರೆದು ನೋಡಿ. ಪ್ರಥಮಫಲವನ್ನು ಬುಟ್ಟಿಯಲ್ಲಿಟ್ಟು ಯಾಜಕನಿಗೆ ಒಪ್ಪಿಸುವ ರೈತನು ಏನು ಹೇಳಬೇಕೆಂದು ಅಲ್ಲಿ ವಿಧಿಸಲಾಗಿದೆ. ಅವನು ಮಳೆಯ ಬಗ್ಗೆಯೋ ಇಳುವರಿಯ ಬಗ್ಗೆಯೋ ಮಾತು ಆರಂಭಿಸುವುದಿಲ್ಲ. ನೆಲೆಯಿಲ್ಲದೆ ಅಲೆದ ತನ್ನ ಮೂಲಪುರುಷನಿಂದ ಆರಂಭಿಸಿ, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಪಟ್ಟ ಪಾಡನ್ನೆಲ್ಲ ಹೇಳಿ, ಕೊನೆಗೆ ‘ಇಗೋ, ಈ ಬೆಳೆ’ ಎನ್ನುತ್ತಾನೆ. ಈ ಲೆಕ್ಕದಲ್ಲಿ ನಿಮ್ಮ ಅಣ್ಣನ ಮಾತು ಬೆಳೆ ಹಬ್ಬಕ್ಕೆ ಹೊರಗಿನದಲ್ಲ, ಅದು ಇಲ್ಲದ ಬೆಳೆ ಹಬ್ಬವೇ ಅರ್ಧದ್ದು. ಲೂಕ 12ರ ಐಶ್ವರ್ಯವಂತನನ್ನೂ ಇದರ ಪಕ್ಕದಲ್ಲಿಟ್ಟು ನೋಡಬಹುದು. ಅವನಿಗೂ ಭೂಮಿ ಚೆನ್ನಾಗಿ ಬೆಳೆದಿತ್ತು; ಕಣಜ ಒಡೆದು ದೊಡ್ಡದು ಕಟ್ಟಿಸುವ ಯೋಚನೆಯಲ್ಲಿದ್ದ; ಅದೇ ರಾತ್ರಿ ಅವನ ಪ್ರಾಣ ಹೋಯಿತು. ಆ ಕಥೆಯಲ್ಲಿ ಅವನು ಮಾತನಾಡುವುದೆಲ್ಲ ತನ್ನೊಂದಿಗೇ. ನನ್ನ ಬೆಳೆ, ನನ್ನ ಕಣಜ, ನನ್ನ ಸರಕು. ಬಿತ್ತಿದವನೊಬ್ಬ, ನೆಟ್ಟವಳೊಬ್ಬಳು ಅಲ್ಲಿ ಕಾಣುವುದೇ ಇಲ್ಲ.

ಈಗ ಜೊಳ್ಳುಭತ್ತದವರಿಗೆ. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ 5:18ರಲ್ಲಿ ಪೌಲನು ಎಲ್ಲಾ ಸ್ಥಿತಿಗಳಲ್ಲಿಯೂ ಸ್ತೋತ್ರ ಮಾಡಿರಿ ಎನ್ನುತ್ತಾನೆ. ಸ್ಥಿತಿಗಳಲ್ಲಿ ಎಂದಿದೆ, ಅವುಗಳಿಗಾಗಿ ಎಂದಿಲ್ಲ. ಎಫೆಸದವರಿಗೆ ಬರೆದದ್ದರಲ್ಲಿ ಎಲ್ಲಾ ಕಾರ್ಯಗಳಿಗಾಗಿ ಎಂದೂ ಇದೆ ಎಂದು ನೀವು ಹೇಳಬಹುದು. ಹೌದು, ಇದೆ, ಅದನ್ನು ಮುಚ್ಚಿಡುವುದಿಲ್ಲ. ಕೊಳೆತ ಪೈರಿಗೆ ಧನ್ಯವಾದ ಹೇಳು ಎಂದು ಆ ವಚನ ಹಿಡಿದು ಒತ್ತಾಯಿಸುವವರನ್ನು ನಾನು ಕಂಡಿದ್ದೇನೆ, ಅವರೊಂದಿಗೆ ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ಪ್ರವಾದಿ ಹಬಕ್ಕೂಕನೇ ನನ್ನ ಆಸರೆ. ಅವನ 3ನೆಯ ಅಧ್ಯಾಯದ ಕೊನೆಯಲ್ಲಿ ಅಂಜೂರ ಚಿಗುರದಿದ್ದರೂ, ದ್ರಾಕ್ಷೆ ಫಲಿಸದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹೊಲದಲ್ಲಿ ಆಹಾರವಿಲ್ಲದಿದ್ದರೂ, ಹಟ್ಟಿಯಲ್ಲಿ ಕುರಿಯಿಲ್ಲದಿದ್ದರೂ ಎಂದು ಇಲ್ಲದವುಗಳ ಪಟ್ಟಿಯನ್ನೇ ದೇವರ ಮುಂದೆ ಸಾಲಾಗಿ ಇಡುತ್ತಾನೆ. ಒಂದನ್ನೂ ಹಿಂದಕ್ಕೆ ಸರಿಸುವುದಿಲ್ಲ. ಆಮೇಲೆ ಮಾತ್ರ ಆದರೂ ಉಲ್ಲಾಸಿಸುವೆನು ಎನ್ನುತ್ತಾನೆ. ನೀವು ತಂದ ಕಟ್ಟು ಆ ಸಾಲಿಗೆ ಸೇರಿದ್ದು, ಅದನ್ನು ಮರೆಮಾಡಿದ ಕುಂಬಳಕಾಯಿ ಅಲ್ಲ. ಆ ‘ಆದರೂ’ ನಿಮ್ಮ ಬಾಯಿಂದ ಯಾವಾಗ ಬರಬೇಕು, ಬರಲೇಬೇಕೇ ಎಂಬುದನ್ನು ಹೊರಗೆ ನಿಂತವನು ಹೇಳಲಾರ.


ಜೊಳ್ಳುಭತ್ತ:

ಹಬಕ್ಕೂಕನ ಪಟ್ಟಿಯನ್ನು ರೈತನ ಕಣ್ಣಿನಿಂದ ಓದಿದ್ದು ಇದೇ ಮೊದಲು. ಇಷ್ಟು ಕ್ರಮವಾಗಿ ಎಣಿಸಬೇಕಾದರೆ ಅವನು ನಷ್ಟ ಕಂಡವನೇ ಇರಬೇಕು. ಉಳಿದದ್ದನ್ನು ಯೋಚಿಸುತ್ತೇನೆ.


ನೇಜಿಗದ್ದೆ:

ಎಲ್ಲರಿಗೂ ಕೃತಜ್ಞತೆಗಳು. ಇಪ್ಪತ್ತೆರಡು ವಚನಗಳನ್ನೂ ಓದುವುದೆಂದು ನಿರ್ಧರಿಸಿದ್ದೇನೆ. ನಿಧಾನವಾಗಿ ಓದಿದರೂ ಮೂರು ನಿಮಿಷ ಸಾಲುತ್ತದೆ, ನಿನ್ನೆ ಗಡಿಯಾರ ಇಟ್ಟುಕೊಂಡು ನೋಡಿದೆ. ಸಭಾಪಾಲಕರಿಗೂ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಓದಿ, ಆದರೆ ಹದಿನೇಳನೆಯದನ್ನು ನುಂಗಬೇಡಿ’ ಎಂದರು. ಆತನ ಕೃಪೆ ಮಕ್ಕಳ ಮಕ್ಕಳವರೆಗೂ ಇರುತ್ತದೆ ಎಂಬ ವಚನ ಅದು. ಅತ್ತಿಗೆಯವರನ್ನೂ ಕೇಳಿದೆ. ಅಣ್ಣನ ಹೆಸರು ಹೇಳಿದರೆ ಸಾಕು, ಹೆಚ್ಚು ವರ್ಣನೆ ಬೇಡ ಎಂದು ಹೇಳಿದರು. ಹಾಗೆಯೇ ಮಾಡುತ್ತೇನೆ.

ಜೊಳ್ಳುಭತ್ತದವರ ಮಾತು ಓದಿದ ಮೇಲೆ ಸಂಜೆ ಗದ್ದೆಗೆ ಹೋಗಿದ್ದೆ. ಕೆಳಗಿನ ಕೊನೆಯಲ್ಲಿ ತೋಡಿನ ನೀರು ನುಗ್ಗಿದ ಮೂಲೆಯೊಂದಿದೆ. ಅಣ್ಣ ಇದ್ದಿದ್ದರೆ ಜುಲೈನಲ್ಲೇ ಕಟ್ಟ ಹಾಕುತ್ತಿದ್ದರು, ನನಗೆ ಹೊಳೆಯಲಿಲ್ಲ. ಅಲ್ಲಿಯ ಪೈರು ಕಾಳು ಕಟ್ಟಿಲ್ಲ, ತೆನೆ ಬಾಗದೆ ನೆಟ್ಟಗೆ ನಿಂತಿದೆ. ಈ ಸಲ ಎರಡು ಕಟ್ಟು ತರುತ್ತೇನೆ, ಮೇಲಿನ ಗದ್ದೆಯದೊಂದು, ಆ ಮೂಲೆಯದೊಂದು. ಎರಡನ್ನೂ ಒಂದೇ ಸಾಲಿನಲ್ಲಿ ಇಡಬೇಕೆಂದು ಹೊಂದಿಸುವವರಿಗೆ ಮೊದಲೇ ಹೇಳಿಟ್ಟಿದ್ದೇನೆ. ಏಲಂನಲ್ಲಿ ಜೊಳ್ಳಿನ ಕಟ್ಟಿಗೆ ಯಾರು ಕೂಗುತ್ತಾರೋ ತಿಳಿಯದು. ಯಾರೂ ಕೂಗದಿದ್ದರೆ ನಾನೇ ಕೂಗಿ ಮನೆಗೆ ತಂದು ದನಕ್ಕೆ ಹಾಕುತ್ತೇನೆ.